ಕೀಚೈನಿನ ತೂತಿನಿಂದ ಪಾರಿವಾಳದ ಬಾಲದವರೆಗೆ

ಸಿಂಧನೂರು, ಮಸ್ಕಿ, ಲಿಂಗಸುಗೂರು: ಈ ಮೂರೂರಿನ ನಾವು ಸಣ್ಣವರಿದ್ದಾಗ ಜಾತ್ರೆಯಿಂದ ಒಂದು ಕೀಚೈನ್ ತಂದೇ ತರ್ತಿದ್ವಿ. ಒಂದು ಕಣ್ಣು ಮುಚ್ಚಿ ಅದರ ತೂತಿನಲ್ಲಿ ಇಣುಕಿದ್ರೆ ಒಳಗೆ ದೇವರ ಫೋಟೋ. ಅದರ ಮೂಲ ಹುಡುಕುತ್ತಾ ಹೋದಾಗ ಸಿಕ್ಕವನು ಪ್ಯಾರಿಸ್ಸಿನ ಫೋಟೋಗ್ರಾಫರ್ ರೆನೆ ಡಾಗ್ರಾನ್.

ಫೋಟೋವನ್ನು ಚುಕ್ಕೆಯಷ್ಟು ಸಣ್ಣದು ಮಾಡಿದವರಲ್ಲಿ ಇವನು ಮೊದಲಿಗನಲ್ಲ. ಮ್ಯಾಂಚೆಸ್ಟರಿನ ಜಾನ್ ಬೆಂಜಮಿನ್ ಡ್ಯಾನ್ಸರ್ ಅದನ್ನು ಮೊದಲೇ ಮಾಡಿದ್ದ. ಆದರೆ ನೋಡೋಕೆ ಮೈಕ್ರೋಸ್ಕೋಪ್ ಬೇಕಿತ್ತು. ಅದನ್ನು ಯಾರು ಜೇಬಲ್ಲಿ ಇಟ್ಕೊಂಡು ತಿರುಗ್ತಾರೆ? ಹಳ್ಳಿಯಿಂದ ಬಂದು ಫಿಸಿಕ್ಸ್, ಕೆಮಿಸ್ಟ್ರಿ ಕಲಿತ ಡಾಗ್ರಾನ್, ಸ್ಟ್ಯಾನ್‌ಹೋಪ್ ಲೆನ್ಸ್ ಎಂಬ ಗಾಜಿನ ಕಡ್ಡಿಯ ಒಂದು ತುದಿಯನ್ನು ಉಬ್ಬಾಗಿಯೇ ಬಿಟ್ಟು, ಇನ್ನೊಂದನ್ನು ಚಪ್ಪಟೆ ಮಾಡಿ, ಫೋಟೋವನ್ನು ಅಲ್ಲೇ ಅಂಟಿಸಿದ. ಕಡ್ಡಿಯ ಉದ್ದವನ್ನು ಫೋಕಸ್ ಸರಿಯಾಗಿ ಆ ತುದಿಗೇ ಬೀಳುವಂತೆ ಇಟ್ಟ. ಲ್ಯಾಬಲ್ಲಿ ಫೋಕಸ್ ಸಿಗದೆ ಒದ್ದಾಡಿದ ನಮಗೆ ಇದರ ಬೆಲೆ ಗೊತ್ತು.

1859ರಲ್ಲಿ ಪೇಟೆಂಟ್ ಸಿಕ್ಕಿತು. ಉಂಗುರ, ಪೆನ್ನಿನ ಹಿಡಿ, ಪದಕ, ಎಲ್ಲದರಲ್ಲೂ ಫೋಟೋ ಕೂತವು. 1862ರ ಹೊತ್ತಿಗೆ ಕಾರ್ಖಾನೆಯಲ್ಲಿ 150 ಜನ. ಪೈಪೋಟಿಗಾರರೂ ಹುಟ್ಟಿಕೊಂಡರು, ಕೋರ್ಟು ಕಚೇರಿಯೂ ಆಯಿತು. ಆದರೂ ಜನರ ಕಣ್ಣಿಗೆ ಅದು ಬರೀ ಆಟಿಕೆ.

1870ರಲ್ಲಿ ಪ್ರಷ್ಯಾದ ಸೈನ್ಯ ಪ್ಯಾರಿಸ್ಸನ್ನು ಮುತ್ತಿತು. ಪತ್ರಗಳು ಬಲೂನಿನಲ್ಲಿ ಹೊರಗೆ ಹೋಗಬಹುದಿತ್ತು, ಒಳಗೆ ಬರುವಂತಿರಲಿಲ್ಲ. ಪಾರಿವಾಳವೊಂದೇ ದಾರಿ, ಅದು ಹೊರೋದು ಎಷ್ಟು? ಆಗ ನೆನಪಾದವನು ಆಟಿಕೆಯ ಡಾಗ್ರಾನ್. ನವೆಂಬರ್ 12ರಂದು ಅವನು ಬಲೂನ್ ಹತ್ತಿದ. ಸಾಮಾನು ಹೊತ್ತ ಇನ್ನೊಂದು ಬಲೂನ್ ಶತ್ರುಗಳ ಪಾಲಾಯಿತು. ಇವನು ಹೇಗೋ ತಪ್ಪಿಸಿಕೊಂಡು ಟೂರ್ಸ್ ನಗರ ಮುಟ್ಟಿ, ಸಿಕ್ಕ ಸಾಮಾನಿನಲ್ಲೇ ಕೆಲಸ ಶುರುಮಾಡಿದ.

ನಮ್ಮ ಮಸ್ಕಿಯಲ್ಲಿ ಅಶೋಕನ ಮಾತು ಬಂಡೆ ಮೇಲಿದೆ, ಅಲ್ಲಾಡೋದಿಲ್ಲ. ಡಾಗ್ರಾನ್‌ನದ್ದು ತದ್ವಿರುದ್ಧ. ಸಾವಿರಾರು ಪತ್ರಗಳಿದ್ದ ಒಂದು ಫಿಲ್ಮಿನ ತೂಕ ಸುಮಾರು 0.05 ಗ್ರಾಂ. ಸುರುಳಿ ಸುತ್ತಿ, ಸಣ್ಣ ಕೊಳವೆಯಲ್ಲಿಟ್ಟು, ಪಾರಿವಾಳದ ಬಾಲದ ಗರಿಗೆ ಕಟ್ಟುತ್ತಿದ್ದರು. ಪ್ಯಾರಿಸ್ಸಿನಲ್ಲಿ ಮ್ಯಾಜಿಕ್ ಲ್ಯಾಂಟರ್ನಿನಿಂದ ಗೋಡೆ ಮೇಲೆ ಬಿಟ್ಟಾಗ ಗುಮಾಸ್ತರು ಕೂತು ನಕಲು ಮಾಡಿ, ಮನೆಮನೆಗೆ ಹಂಚೋರು.

ಹಾರಿಬಿಟ್ಟ 300ಕ್ಕೂ ಹೆಚ್ಚು ಪಾರಿವಾಳಗಳಲ್ಲಿ ಊರು ಮುಟ್ಟಿದ್ದು 60ರ ಆಸುಪಾಸು. ಚಳಿ, ಮಂಜು, ಗಿಡುಗ. ಅದಕ್ಕೇ ಒಂದೇ ಫಿಲ್ಮನ್ನು ಮತ್ತೆ ಮತ್ತೆ ಬೇರೆ ಬೇರೆ ಹಕ್ಕಿಗೆ ಕಟ್ಟಿ ಕಳಿಸಿದರು.

ಯುದ್ಧ ಮುಗಿದ ಮೇಲೂ ಡಾಗ್ರಾನ್ ಫೋಟೋ ಕೆಲಸ ಬಿಡಲಿಲ್ಲ. 1900ರಲ್ಲಿ ಪ್ಯಾರಿಸ್ಸಿನಲ್ಲೇ ತೀರಿಕೊಂಡ.