ತಂತಿಗೆ ತಾಳ ಕಲಿಸಿದ ಎಮಿಲ್ ಬೋದೊ

ಮನೆಯ ಕಂಪ್ಯೂಟರನ್ನು ದೂರವಾಣಿ ತಂತಿಗೆ ಜೋಡಿಸಲೆಂದು 1980ರ ದಶಕದಲ್ಲಿ ಮೋಡೆಮ್ ಕೊಂಡವರಿಗೆ ‘300 ಬಾಡ್’ ಎಂಬ ಮಾತು ಚಿರಪರಿಚಿತ. ಆ ‘ಬಾಡ್’ ಎಂಬುದು ಫ್ರಾನ್ಸಿನ ರೈತನೊಬ್ಬನ ಮಗನ ಹೆಸರಿನ ತುಣುಕು ಎಂದು ಬಲ್ಲವರು ಮಾತ್ರ ವಿರಳ.

ಎಮಿಲ್ ಬೋದೊ ಹುಟ್ಟಿದ್ದು 1845ರ ಸೆಪ್ಟೆಂಬರ್ 11ರಂದು, ಮಾನ್ಯೊ ಎಂಬ ಹಳ್ಳಿಯಲ್ಲಿ. ದೊರೆತ ಶಿಕ್ಷಣ ಪ್ರಾಥಮಿಕ ಶಾಲೆಯದಷ್ಟೇ. ತಂದೆಯೊಡನೆ ಹೊಲದಲ್ಲಿ ದುಡಿದ ಆತ, ಬಳಿಕ ತಂತಿ ಇಲಾಖೆಗೆ ಕಿರಿಯ ನೌಕರನಾಗಿ ಸೇರಿದ.

ಕಚೇರಿಯಲ್ಲಿ ಆತನನ್ನು ಕಾಡಿದ್ದು ಒಂದೇ ಸಂಗತಿ. ದುಬಾರಿ ತಂತಿಯು ಎರಡು ಅಕ್ಷರಗಳ ನಡುವೆ ಸುಮ್ಮನೆ ಬಿದ್ದಿರುತ್ತಿತ್ತು. ಮೋರ್ಸ್ ಸಂಕೇತದಲ್ಲಿ ಒಂದೊಂದು ಅಕ್ಷರದ ಉದ್ದವೂ ಬೇರೆ ಬೇರೆಯಾಗಿದ್ದುದರಿಂದ ಯಂತ್ರಕ್ಕೆ ಅದನ್ನು ಅಳೆಯುವುದೇ ಕಷ್ಟ. ಬೋದೊ ಪ್ರತಿಯೊಂದು ಅಕ್ಷರಕ್ಕೂ ಸಮಾನ ಕಾಲಾವಧಿಯ ಐದು ಸಂಜ್ಞೆಗಳನ್ನು ನಿಗದಿಪಡಿಸಿದ. ಇದರಿಂದ 32 ಜೋಡಣೆಗಳು ಲಭಿಸಿದವು. ತಂತಿಯ ಎರಡು ತುದಿಗಳಲ್ಲೂ ಒಂದೇ ವೇಗದಲ್ಲಿ ತಿರುಗುವ ವಿತರಕಗಳನ್ನಿರಿಸಿ, ಹಲವು ನೌಕರರು ಸರದಿಯಂತೆ ಒಂದೇ ತಂತಿಯನ್ನು ಬಳಸುವಂತೆ ಮಾಡಿದ. 1874ರಲ್ಲಿ ಪೇಟೆಂಟ್ ದೊರೆಯಿತು. 1877ರಲ್ಲಿ ಪ್ಯಾರಿಸ್–ಬೋರ್ದೊ ಮಾರ್ಗದಲ್ಲಿ ಯಂತ್ರ ಕಾರ್ಯಾರಂಭ ಮಾಡಿತು. ಮರುವರ್ಷದ ಪ್ಯಾರಿಸ್ ಪ್ರದರ್ಶನದಲ್ಲಿ ಚಿನ್ನದ ಪದಕವೂ ಸಂದಿತು.

ಆದರೆ ಈ ವೇಗಕ್ಕೆ ಬೆಲೆ ತೆರಬೇಕಿತ್ತು. ಐದು ಕೀಲಿಗಳ ಮುಂದೆ ಕುಳಿತ ನೌಕರನು ಯಂತ್ರದ ‘ಟಕ್’ ಸದ್ದಿಗೆ ಕಿವಿಗೊಟ್ಟು, ನಿಮಿಷಕ್ಕೆ ಸುಮಾರು 30 ಪದಗಳ ಲಯವನ್ನು ಕಾಯ್ದುಕೊಳ್ಳಬೇಕಿತ್ತು. ತಾಳ ತಪ್ಪಿದರೆ ಅಕ್ಷರವೇ ಕೆಡುತ್ತಿತ್ತು. 1882ರಲ್ಲಿ ಇಲಾಖೆಯ ಇನ್ಸ್‌ಪೆಕ್ಟರ್-ಎಂಜಿನಿಯರ್ ಪದವಿಗೇರಿದ ಬೋದೊ, 1903ರ ಮಾರ್ಚ್ 28ರಂದು, 57ನೆಯ ವಯಸ್ಸಿನಲ್ಲಿ ನಿಧನನಾದ. ಸಂಜ್ಞಾವೇಗದ ಮಾನಕ್ಕೆ ಆತನ ಹೆಸರಿಟ್ಟದ್ದು ಆ ಬಳಿಕ.

ಶತಮಾನದ ನಂತರ ಗೃಹ ಕಂಪ್ಯೂಟರುಗಳನ್ನು ಕಾಡಿದ್ದೂ ಇದೇ ತಾಳದ ಸಮಸ್ಯೆ. ಆರಂಭದ ಪಿಸಿಗಳ 8250 ಚಿಪ್, ಬಂದ ಅಕ್ಷರಗಳ ಪೈಕಿ ಒಂದನ್ನಷ್ಟೇ ಹಿಡಿದಿಟ್ಟುಕೊಳ್ಳಬಲ್ಲದಾಗಿತ್ತು. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಸುಮಾರು ಒಂದು ಮಿಲಿಸೆಕೆಂಡಿಗೊಂದು ಅಕ್ಷರ ಬರುತ್ತದೆ. ಅಷ್ಟರೊಳಗೆ ಪ್ರೊಸೆಸರ್ ಅದನ್ನು ಎತ್ತಿಕೊಳ್ಳದಿದ್ದರೆ ಮುಂದಿನ ಅಕ್ಷರ ಬಂದು ಅದನ್ನು ಅಳಿಸಿಬಿಡುತ್ತಿತ್ತು. 16 ಅಕ್ಷರಗಳಿಗೆ ಸರದಿಯಲ್ಲಿ ನಿಲ್ಲಲು ಎಡೆಕೊಟ್ಟ 16550ಎ ಚಿಪ್ ಬಂದ ಮೇಲೆಯೇ ಅತಿವೇಗದ ಮೋಡೆಮ್‌ಗಳು ನೆಚ್ಚಿಕೆಗೆ ಅರ್ಹವಾದವು.

ಬಾಡ್ ಎಂದರೆ ಬಿಟ್ ಎಂದು ಹಲವರು ಭ್ರಮಿಸಿದ್ದುಂಟು. ವಾಸ್ತವವಾಗಿ 2400 ಬಿಟ್ ವೇಗದ ಮೋಡೆಮ್ ಸೆಕೆಂಡಿಗೆ 600 ಬಾರಿ ಮಾತ್ರ ಸಂಜ್ಞೆ ಬದಲಿಸಿ, ಪ್ರತಿ ಬಾರಿಯೂ ನಾಲ್ಕು ಬಿಟ್ ಕಳುಹಿಸುತ್ತಿತ್ತು. ಎಂದರೆ ಅದರ ವೇಗ 600 ಬಾಡ್ ಮಾತ್ರ.

ಕಳುಹಿಸುವವನ ವೇಗವೊಂದೇ ಸಾಲದು, ಪಡೆಯುವವನೂ ಅದೇ ಲಯದಲ್ಲಿರಬೇಕು. ಹಳ್ಳಿಯ ಶಾಲೆಯಷ್ಟೇ ಕಂಡಿದ್ದ ಬೋದೊ ತಂತಿ ಕಚೇರಿಯಲ್ಲಿ ಕಂಡುಕೊಂಡ ಸತ್ಯವಿದು.