ಹೆಸ್ಟರ್ ಬೇಟ್‌ಮನ್: ಚಮಚದ ಹಿಂಬದಿಯ ಎರಡಕ್ಷರ

ಆಭರಣ ಕೊಳ್ಳುವಾಗ ಹಾಲ್‌ಮಾರ್ಕ್ ಇದೆಯೇ ಎಂದು ನೋಡುವ ಅಭ್ಯಾಸ ನಮ್ಮಲ್ಲಿ ಬಹಳ ಹಳೆಯದೇನಲ್ಲ. ಭಾರತದಲ್ಲಿ ಈ ವ್ಯವಸ್ಥೆ ಚಿನ್ನಕ್ಕೆ ಬಂದದ್ದು 2000ದಲ್ಲಿ, ಬೆಳ್ಳಿಗೆ 2005ರಲ್ಲಿ. ಇಂಗ್ಲೆಂಡಿನಲ್ಲಾದರೋ ಇದಕ್ಕೆ ಏಳು ಶತಮಾನಗಳ ಇತಿಹಾಸವಿದೆ. ಲಂಡನ್ನಿನ ಅಕ್ಕಸಾಲಿಗರ ಸಂಘದ ಭವನವಾದ ಗೋಲ್ಡ್‌ಸ್ಮಿತ್ಸ್ ಹಾಲ್‌ನಲ್ಲಿ ಲೋಹವನ್ನು ಪರೀಕ್ಷಿಸಿ ಮುದ್ರೆ ಒತ್ತುತ್ತಿದ್ದುದರಿಂದಲೇ ಹಾಲ್‌ಮಾರ್ಕ್ ಎಂಬ ಹೆಸರು ಹುಟ್ಟಿತು. ಆ ಮುದ್ರೆಗಳ ಸಾಲಿನಲ್ಲಿ ಸಂಗ್ರಾಹಕರು ಇಂದಿಗೂ ಆಸೆಯಿಂದ ಹುಡುಕುವ ಒಂದು ಗುರುತೆಂದರೆ ಬಳುಕುಬರಹದ ಎಚ್‌ಬಿ. ಅದು ಹೆಸ್ಟರ್ ಬೇಟ್‌ಮನ್ ಎಂಬ ವಿಧವೆಯದು. ಆಕೆಗೆ ಓದುಬರಹ ಬರುತ್ತಿರಲಿಲ್ಲ.

ಹೆಸ್ಟರ್ ನೀಡಮ್ ಎಂಬ ತವರಿನ ಹೆಸರಿನ ಈಕೆ 1708ರಲ್ಲಿ ಜನಿಸಿದಳು. 1732ರಲ್ಲಿ ಕೈಹಿಡಿದ ಜಾನ್ ಬೇಟ್‌ಮನ್ ಚಿನ್ನದ ಸರಪಳಿ ಮಾಡುವ ಕುಶಲಕರ್ಮಿ. ಲಂಡನ್ನಿನ ಬನ್‌ಹಿಲ್ ರೋನಲ್ಲಿ ಅವರ ಮನೆ ಮತ್ತು ಕಾರ್ಯಾಗಾರಗಳಿದ್ದವು. ಕವಿ ಮಿಲ್ಟನ್ ತನ್ನ ಕೊನೆಯ ವರ್ಷಗಳನ್ನು ಕಳೆದದ್ದೂ ಅದೇ ಬೀದಿಯಲ್ಲಿ. 1760ರಲ್ಲಿ ಕ್ಷಯರೋಗಕ್ಕೆ ತುತ್ತಾದ ಜಾನ್, ತನ್ನ ಉಪಕರಣಗಳನ್ನು ಪತ್ನಿಯ ಹೆಸರಿಗೆ ಬರೆದಿಟ್ಟು ತೀರಿಕೊಂಡನು. ಮಕ್ಕಳ ತಾಯಿಯಾದ, ಐವತ್ತು ದಾಟಿದ ಆ ಹೆಂಗಸು ಉಪಕರಣಗಳನ್ನು ಮಾರಿ ಕೈತೊಳೆದುಕೊಳ್ಳಲಿಲ್ಲ. 1761ರ ಏಪ್ರಿಲ್‌ನಲ್ಲಿ ಗೋಲ್ಡ್‌ಸ್ಮಿತ್ಸ್ ಹಾಲ್‌ಗೆ ಹೋಗಿ ತನ್ನದೇ ಮುದ್ರೆಯನ್ನು ನೋಂದಾಯಿಸಿದಳು.

ಮೊದಲ ಹತ್ತು ಹದಿಮೂರು ವರ್ಷಗಳ ಎಚ್‌ಬಿ ಮುದ್ರೆ ವಿರಳ. ಆಗ ಕಾರ್ಯಾಗಾರ ನಡೆದದ್ದು ಬಹುಪಾಲು ಬೇರೆ ವ್ಯಾಪಾರಿಗಳು ಕೊಟ್ಟ ಕೆಲಸದಿಂದ. ಆ ವಸ್ತುಗಳು ಅವರವರ ಮುದ್ರೆ ಹೊತ್ತು ಹೊರಬಿದ್ದವು. 1774ರ ನಂತರ ಚಿತ್ರ ಬದಲಾಯಿತು. ತಾಮ್ರಕ್ಕೆ ಬೆಳ್ಳಿಯ ತಗಡು ಹೊದಿಸಿದ ಅಗ್ಗದ ಶೆಫೀಲ್ಡ್ ಸಾಮಾನುಗಳು ಮಾರುಕಟ್ಟೆಯನ್ನು ತುಂಬುತ್ತಿದ್ದ ಕಾಲವದು. ಹೆಸ್ಟರ್ ಮತ್ತು ಆಕೆಯ ಮಕ್ಕಳು ಯಂತ್ರದಲ್ಲಿ ತೆಳುವಾಗಿ ಉರುಳಿಸಿದ ಬೆಳ್ಳಿ ತಗಡನ್ನು ಬಳಸಿ, ಮಧ್ಯಮವರ್ಗದವರ ಕೈಗೆಟಕುವ ಬೆಲೆಗೆ ಅಪ್ಪಟ ಬೆಳ್ಳಿಯನ್ನೇ ಒದಗಿಸಿದರು. ಚಮಚ, ಸೌಟು, ಸಕ್ಕರೆ ಚಿಮುಟ, ಟೀಪಾಟ್. ಅಂಚಿನಲ್ಲಿ ಮಣಿಸಾಲಿನ ಅಲಂಕಾರ, ಮೇಲೆ ಬೆಳಕಿಗೆ ಹೊಳೆಯುವ ಸೂಕ್ಷ್ಮ ಕೆತ್ತನೆ. ಆ ತೆಳುತನವನ್ನು ಆಕ್ಷೇಪಿಸುವವರಿದ್ದಾರೆ. ಬಡವರಲ್ಲದ, ಆದರೆ ಸಿರಿವಂತರೂ ಅಲ್ಲದ ಮನೆಗಳಿಗೆ ಬೆಳ್ಳಿ ತಲುಪಿದ್ದು ಆ ತೆಳುತನದಿಂದಲೇ ಎಂಬುದನ್ನು ನಾವು ಮರೆಯಲಾರೆವು.

ಆಕೆಯ ಕಾಲದ ಒಂದು ಚಮಚವನ್ನು ಕೈಗೆತ್ತಿಕೊಂಡರೆ ಹಿಂಬದಿಯಲ್ಲಿ ಏನೇನು ಕಾಣಬೇಕು? ತಯಾರಕರ ಮುದ್ರೆಯೊಂದಿಗೆ, ನಡೆಯುತ್ತಿರುವ ಸಿಂಹವಿರಬೇಕು, ನೂರರಲ್ಲಿ 92.5 ಭಾಗ ಬೆಳ್ಳಿ ಇದೆಯೆಂಬುದಕ್ಕೆ ಅದು ಸಾಕ್ಷಿ. ಕಿರೀಟ ತೊಟ್ಟ ಚಿರತೆಯ ಮುಖ ಲಂಡನ್ನಿನ ಗುರುತು. 1821ರಲ್ಲಿ ಆ ಕಿರೀಟ ಬಿದ್ದುಹೋಯಿತು. ನಾಲ್ಕನೆಯದಾದ ವರ್ಷಾಕ್ಷರವೇ ಕಾಲನಿರ್ಣಯದ ಕೀಲಿಕೈ. ಪ್ರತಿ ವರ್ಷ ಮೇ ತಿಂಗಳ ಕೊನೆಗೆ ಅಕ್ಷರ ಬದಲಾಗುತ್ತಿತ್ತು. ಇಪ್ಪತ್ತು ಅಕ್ಷರ ಮುಗಿದೊಡನೆ ಲಿಪಿಯ ಶೈಲಿ ಬದಲಿಸಿ ಮತ್ತೆ ಮೊದಲಿನಿಂದ ಆರಂಭ. ಆದುದರಿಂದ ಅಕ್ಷರವನ್ನಷ್ಟೇ ಓದಿದರೆ ಸಾಲದು, ಅದರ ಬಗೆಯನ್ನೂ ಸುತ್ತಲಿನ ಚೌಕಟ್ಟಿನ ಆಕಾರವನ್ನೂ ನೋಡಬೇಕು. 1776ರಿಂದ ಇಪ್ಪತ್ತು ವರ್ಷ ಸಣ್ಣ ರೋಮನ್ ಅಕ್ಷರಗಳು ನಡೆದವು.

1784ರ ಡಿಸೆಂಬರ್ 1ರಂದು ಬೆಳ್ಳಿಯ ಮೇಲೆ ಸುಂಕ ಬಂದಿತು. ಸುಂಕ ಸಂದಾಯವಾದುದಕ್ಕೆ ರಾಜನ ತಲೆಯ ಮುದ್ರೆಯೂ ಸೇರಿತು. ಆ ವರ್ಷದ ಅಕ್ಷರ ಸಣ್ಣ ಐ. ಐ ಇದ್ದು ರಾಜನ ತಲೆ ಇಲ್ಲದ ಚಮಚ ಆ ವರ್ಷದ ಮೇ ಕೊನೆಯಿಂದ ನವೆಂಬರ್ ಒಳಗಿನದು! ಇಷ್ಟು ನಿಖರವಾಗಿ ವಯಸ್ಸು ಹೇಳುವ ಮನೆಬಳಕೆಯ ವಸ್ತು ಬೇರೊಂದು ನಮಗೆ ತಿಳಿಯದು. 1786ರವರೆಗೆ ಆ ತಲೆ ತಗ್ಗಾಗಿ ಒತ್ತಿದ್ದು, ಆಮೇಲಿನದು ಉಬ್ಬು. ಮುದ್ರೆಯ ಸ್ಥಾನವೂ ಸುಳಿವು ಕೊಡುತ್ತದೆ. ಸುಮಾರು 1780ರವರೆಗೆ ಹಿಡಿಯ ಕೆಳಭಾಗದಲ್ಲಿ, ಬಟ್ಟಲಿನ ಹತ್ತಿರ ಒತ್ತುತ್ತಿದ್ದರು. ನಂತರ ಹಿಡಿಯ ತುದಿಯತ್ತ ಸರಿಸಿದರು.

ಮೋಸಗಳೂ ಇವೆ. ಸರಳವಾದ ಹಳೆಯ ಚಮಚಗಳಿಗೆ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹಣ್ಣು ಬಳ್ಳಿಗಳ ಉಬ್ಬುಚಿತ್ರ ಮೂಡಿಸಿದರು. ಮುದ್ರೆ ನಿಜ, ಅಲಂಕಾರ ನೂರು ವರ್ಷ ಈಚಿನದು. ಆ ಕಾಲದ ಫೋರ್ಕುಗಳು ವಿರಳವಾದ್ದರಿಂದ ಚಮಚವನ್ನೇ ಬಡಿದು ಫೋರ್ಕು ಮಾಡಿದವರೂ ಉಂಟು. ಇನ್ನು ನಮ್ಮೂರುಗಳ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸಿಗುವ ಇ.ಪಿ.ಎನ್.ಎಸ್. ಎಂಬ ಅಕ್ಷರಗಳ ಚಮಚಗಳು ಬೆಳ್ಳಿಯವಲ್ಲ, ಬೆಳ್ಳಿಯ ನೀರು ಕುಡಿಸಿದ ಮಿಶ್ರಲೋಹದವು.

ಎಚ್‌ಬಿ ಮುದ್ರೆಯಿದ್ದ ಮಾತ್ರಕ್ಕೆ ಸುತ್ತಿಗೆ ಹಿಡಿದ ಕೈ ಹೆಸ್ಟರಳದೇ ಎನ್ನಲಾಗದು. ಮುದ್ರೆ ಹೇಳುವುದು ಆ ಬೆಳ್ಳಿಗೆ ಯಾರು ಹೊಣೆ ಎಂಬುದನ್ನು. ತೂಕ ಕಡಿಮೆಯಾದರೆ, ಬೆರಕೆ ಹೆಚ್ಚಾದರೆ ಉತ್ತರ ಕೊಡಬೇಕಾದವಳು ಆಕೆ. ಇಪ್ಪತ್ತನೆಯ ಶತಮಾನದ ಸಂಗ್ರಾಹಕರು ಆಕೆಯನ್ನು ಬೆಳ್ಳಿಯ ರಾಣಿಯೆಂದು ಮೆರೆಸಿದರು. ಸಮಕಾಲೀನರ ಅಂಥದೇ ಚಮಚಕ್ಕಿಂತ ಆಕೆಯದಕ್ಕೆ ಹೆಚ್ಚಿನ ಬೆಲೆ ಬಂತು. ಹೆಸರು ತಿಳಿಯದ ಎಷ್ಟೋ ಕೆಲಸಗಾರರ ಶ್ರಮವೂ ಆ ಎರಡಕ್ಷರದಲ್ಲಿ ಅಡಗಿದೆ. ಆದರೂ ಮೂವತ್ತು ವರ್ಷ ಆ ಹೊಣೆಯನ್ನು ಹೊತ್ತವಳ ಕೀರ್ತಿ ಇದರಿಂದ ಕುಗ್ಗುವುದಿಲ್ಲವೆಂದೇ ನಮ್ಮ ಭಾವನೆ.

1790ರಲ್ಲಿ, ಎಂಬತ್ತೆರಡರ ಹೊತ್ತಿಗೆ, ಹೆಸ್ಟರ್ ನಿವೃತ್ತಳಾಗಿ 1794ರ ಸೆಪ್ಟೆಂಬರಿನಲ್ಲಿ ತೀರಿಕೊಂಡಳು. ಮಕ್ಕಳಾದ ಪೀಟರ್ ಮತ್ತು ಜೊನಾಥನ್ ಕೂಡಿ ತೆಗೆದ ಹೊಸ ಮುದ್ರೆ ಕೆಲವೇ ತಿಂಗಳು ನಡೆಯಿತು. 1791ರಲ್ಲಿ ಜೊನಾಥನ್ ಸತ್ತನು. ಹಾಗಾಗಿ ಅವರಿಬ್ಬರ ಮುದ್ರೆ ಈಗ ಬಲು ಅಪರೂಪ. ಅವನ ಜಾಗದಲ್ಲಿ ಮುದ್ರೆಗೆ ಬಂದ ಅಕ್ಷರಗಳು ಅವನ ವಿಧವೆ ಆ್ಯನ್‌ಳವು. ಅತ್ತೆಯಂತೆಯೇ ಆಕೆಯೂ ಕಾರ್ಯಾಗಾರದ ಹೊಣೆ ಹೊತ್ತು, 1805ರವರೆಗೆ ನಡೆಸಿದಳು.