ಎಣಿಸಿ ನೋಡಿದ ಶಿಕ್ಷಕಿ ನೆಟ್ಟಿ ಸ್ಟೀವನ್ಸ್

ನನ್ನ ಬೋಧನಾಭ್ಯಾಸಕ್ಕೆ ಹತ್ತನೆಯ ತರಗತಿಯ ಅನುವಂಶೀಯತೆ ಪಾಠ ಬಂದಿತ್ತು. ಲಿಂಗ ನಿರ್ಧಾರದ ಭಾಗಕ್ಕೆ ಪಾಠಯೋಜನೆ ಬರೆಯಲು ಕುಳಿತಾಗ ನೆನಪಾದದ್ದು ನಮ್ಮಮ್ಮ. ನಾವು ಮೂವರೂ ಹೆಣ್ಣುಮಕ್ಕಳು, ಮೂರನೆಯವಳು ನಾನು. ನಾನು ಹುಟ್ಟಿದ ಮೇಲೆ ಅಮ್ಮ ಕೇಳಬೇಕಾಗಿ ಬಂದ ಮಾತುಗಳು ಒಂದೆರಡಲ್ಲ. ಆದ್ದರಿಂದ ಈ ಪಾಠಕ್ಕೆ ಪೀಠಿಕೆಯಾಗಿ ನೆಟ್ಟಿ ಸ್ಟೀವನ್ಸ್ ಅವರ ಜೀವನವನ್ನೇ ಆರಿಸಿಕೊಂಡೆ.

ನೆಟ್ಟಿ ಹುಟ್ಟಿದ್ದು 1861ರಲ್ಲಿ, ಅಮೆರಿಕದ ವರ್ಮಾಂಟ್ ರಾಜ್ಯದ ಕ್ಯಾವೆಂಡಿಶ್‌ನಲ್ಲಿ. ತಂದೆ ಬಡಗಿ. ಶಾಲೆ ಮುಗಿಸಿ ಕೆಲಕಾಲ ಪಾಠ ಹೇಳಿದ ಆಕೆ ವೆಸ್ಟ್‌ಫೀಲ್ಡ್‌ನ ನಾರ್ಮಲ್ ಸ್ಕೂಲ್ ಸೇರಿದರು. ನಾರ್ಮಲ್ ಸ್ಕೂಲ್ ಎಂದರೆ ಶಿಕ್ಷಕರ ತರಬೇತಿ ಶಾಲೆ. ಅಂದರೆ ಆಕೆಯೂ ನಮ್ಮಂತೆ ಪ್ರಶಿಕ್ಷಣಾರ್ಥಿಯಾಗಿದ್ದವರೇ. ನಾಲ್ಕು ವರ್ಷದ ಪಠ್ಯವನ್ನು ಎರಡೇ ವರ್ಷಗಳಲ್ಲಿ ಮುಗಿಸಿ 1883ರಲ್ಲಿ ಹೊರಬಂದರು. ಮುಂದೆ ಹಲವು ವರ್ಷ ಶಿಕ್ಷಕಿಯಾಗಿ, ಗ್ರಂಥಪಾಲಕಿಯಾಗಿ ದುಡಿದು ಹಣ ಕೂಡಿಟ್ಟರು. 1896ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿದಾಗ ವಯಸ್ಸು 35. ನಂತರ ಬ್ರಿನ್ ಮಾರ್ ಮಹಿಳಾ ಕಾಲೇಜಿನಲ್ಲಿ 1903ರಲ್ಲಿ ಡಾಕ್ಟರೇಟ್ ಪಡೆದರು.

ಗಂಡು ಹೆಣ್ಣು ಹೇಗೆ ನಿರ್ಧಾರವಾಗುತ್ತದೆ ಎಂಬುದು ಆಗ ಇನ್ನೂ ಬಗೆಹರಿಯದ ಪ್ರಶ್ನೆ. ತಾಯಿಯ ಆಹಾರ, ಸುತ್ತಲಿನ ಉಷ್ಣತೆ ಇವೇ ಕಾರಣವೆಂದು ನಂಬಿದ ವಿಜ್ಞಾನಿಗಳೂ ಇದ್ದರು. ನೆಟ್ಟಿ ಹಿಟ್ಟಿನಲ್ಲಿ ಬೆಳೆಯುವ ಒಂದು ಜಾತಿಯ ಹುಳುವನ್ನು ಆರಿಸಿಕೊಂಡು, ಸೂಕ್ಷ್ಮದರ್ಶಕದಡಿ ಅದರ ಜೀವಕೋಶಗಳ ವರ್ಣತಂತುಗಳನ್ನು ಎಣಿಸಿದರು. ಹೆಣ್ಣಿನಲ್ಲಿ 20 ದೊಡ್ಡ ವರ್ಣತಂತುಗಳಿದ್ದವು. ಗಂಡಿನಲ್ಲಿ ದೊಡ್ಡವು 19, ಜೊತೆಗೆ ಚಿಕ್ಕದೊಂದು. ಅಂಡಾಣುಗಳೆಲ್ಲ ಒಂದೇ ಬಗೆ, 10 ದೊಡ್ಡವು. ವೀರ್ಯಾಣುಗಳಲ್ಲಿ ಮಾತ್ರ ಎರಡು ಬಗೆ: ಅರ್ಧದಲ್ಲಿ 10 ದೊಡ್ಡವು, ಇನ್ನರ್ಧದಲ್ಲಿ 9 ದೊಡ್ಡವು ಮತ್ತು ಆ ಚಿಕ್ಕದು. ಮೊದಲ ಬಗೆಯದು ಅಂಡಾಣುವನ್ನು ಸೇರಿದರೆ ಹೆಣ್ಣು, ಎರಡನೆಯದು ಸೇರಿದರೆ ಗಂಡು. ಆ ಚಿಕ್ಕದನ್ನೇ ನಾವು ಇಂದು ವೈ ವರ್ಣತಂತು ಎನ್ನುತ್ತೇವೆ. ಮನುಷ್ಯರಲ್ಲಿಯೂ ಕ್ರಮ ಇದೇ: ತಾಯಿಯಿಂದ ಯಾವಾಗಲೂ ಎಕ್ಸ್, ತಂದೆಯಿಂದ ಎಕ್ಸ್ ಅಥವಾ ವೈ.

ಈ ಸಂಶೋಧನೆ 1905ರಲ್ಲಿ ಪ್ರಕಟವಾಯಿತು. ಅದೇ ವರ್ಷ ಎಡ್ಮಂಡ್ ವಿಲ್ಸನ್ ಬೇರೆ ಕೀಟಗಳ ಮೂಲಕ ಸ್ವತಂತ್ರವಾಗಿ ಇಂಥದೇ ತೀರ್ಮಾನದತ್ತ ಬಂದಿದ್ದರು. ನೆಟ್ಟಿ ಒಂದು ಹುಳುವಿಗೆ ನಿಲ್ಲಲಿಲ್ಲ. ಅನೇಕ ಜಾತಿಯ ಜೀರುಂಡೆ, ನೊಣಗಳಲ್ಲಿ ಮತ್ತೆ ಮತ್ತೆ ಎಣಿಸಿದರು. ಬ್ರಿನ್ ಮಾರ್‌ನಲ್ಲಿ ಆಕೆಗಾಗಿಯೇ ಸಂಶೋಧನಾ ಪ್ರಾಧ್ಯಾಪಕ ಹುದ್ದೆ ಸೃಷ್ಟಿಯಾಯಿತು. ಅದನ್ನು ವಹಿಸಿಕೊಳ್ಳುವ ಮೊದಲೇ, 1912ರ ಮೇ 4ರಂದು, ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ವಯಸ್ಸು 50. ಬಹುಕಾಲ ಪುಸ್ತಕಗಳಲ್ಲಿ ವಿಲ್ಸನ್ ಹೆಸರೇ ಮುಂದಿತ್ತು.

ಇಷ್ಟು ಹೇಳಿ, ಕಪ್ಪು ಹಲಗೆಯ ಮೇಲೆ ಎಕ್ಸ್, ವೈ ಚಿತ್ರ ಬರೆದೆ. ತಾಯಿಯ ತಪ್ಪೇನೂ ಇಲ್ಲವೆಂದು ತುಸು ಗಟ್ಟಿಯಾಗಿಯೇ ಹೇಳಿದೆ. ಕೂಡಲೇ ಒಬ್ಬ ಹುಡುಗ ಎದ್ದು, ಹಾಗಾದರೆ ತಪ್ಪು ತಂದೆಯದೇ ಎಂದು ಕೇಳಿದ. ಪಾಠಯೋಜನೆಯಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಅಮ್ಮನ ಮೇಲಿನ ದೂರನ್ನು ತೆಗೆದು ಅಪ್ಪನ ಮೇಲೆ ಹಾಕಲು ನಾನೂ ಒಳಗೊಳಗೇ ಸಿದ್ಧಳಾಗಿದ್ದೆ ಎಂದು ಆಗ ಹೊಳೆಯಿತು. ನೆಟ್ಟಿ ಎಣಿಸಿದ್ದು ವರ್ಣತಂತುಗಳನ್ನು, ತಪ್ಪುಗಳನ್ನಲ್ಲ. ಯಾವ ವೀರ್ಯಾಣು ಅಂಡಾಣುವನ್ನು ಸೇರಬೇಕೆಂದು ಆರಿಸುವುದು ತಂದೆಯ ಕೈಯಲ್ಲೂ ಇಲ್ಲ.

ಮರುದಿನ ಪ್ರತಿ ವಿದ್ಯಾರ್ಥಿಯಿಂದ ಒಂದು ನಾಣ್ಯವನ್ನು ಮೂರು ಸಲ ಚಿಮ್ಮಿಸಿದೆ. ಒಂದು ಮುಖ ಹೆಣ್ಣು, ಇನ್ನೊಂದು ಗಂಡು. ತರಗತಿಯ 40 ಮಕ್ಕಳಲ್ಲಿ ಆರು ಜನರಿಗೆ ಮೂರು ಸಲವೂ ಹೆಣ್ಣೇ ಬಂತು. ಎಂಟರಲ್ಲಿ ಒಬ್ಬರಿಗೆ ಹೀಗಾಗುವುದು ಲೆಕ್ಕದ ನಿರೀಕ್ಷೆಯೇ. ಅದರಲ್ಲಿ ನಾಣ್ಯದ ತಪ್ಪಾಗಲಿ ಚಿಮ್ಮಿದವರ ತಪ್ಪಾಗಲಿ ಏನಿದೆ ಎಂದು ಅದೇ ಹುಡುಗನನ್ನು ಕೇಳಿದೆ. ಏನೂ ಇಲ್ಲ ಎಂದ.

ಈ ಪಾಠ ಮಾಡುವ ಸಹಪ್ರಶಿಕ್ಷಣಾರ್ಥಿಗಳು ಎಕ್ಸ್, ವೈ ಚಿತ್ರಕ್ಕೇ ಪಾಠ ನಿಲ್ಲಿಸದೆ, ನಾಣ್ಯದ ಚಟುವಟಿಕೆಯನ್ನೂ ಅದೇ ಅವಧಿಯಲ್ಲಿ ಸೇರಿಸಿಕೊಳ್ಳಲಿ. ಊರಿಗೆ ಹೋದಾಗ ಅಮ್ಮನಿಗೂ ಇದನ್ನು ಮಾಡಿ ತೋರಿಸಬೇಕೆಂದಿದ್ದೇನೆ. ಪಕ್ಕದಲ್ಲಿ ಅಪ್ಪನನ್ನೂ ಕೂರಿಸಿಕೊಳ್ಳುತ್ತೇನೆ.